ಮಗ್ಗದ ಗುಂಡಿಯ ಈರಕ್ಕ

ಬಿಸಿಲಿನಿಂದ ಕತ್ತಲ ಮನೆಯೊಳಕ್ಕೆ ಗಂಭೀರವಾಗಿ ಕಾಲಿಟ್ಟವನು ಸೀದಾ ಮಗ್ಗದ ಗುಂಡಿಗೆ ಇಳಿದುಬಿಟ್ಟೆ. ಇಳಿದೆ ಎನ್ನುವುದು ನನ್ನ ಮರ್ಯಾದೆಗೆ, ಬಿದ್ದೆ. ಕಂಬಳಿ ನೇಯುವವರು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ತೋಡಿದ ಗುಂಡಿ ಅದು. ತೊಡೆಮಟ್ಟ ಅದರೊಳಗೆ, ಎದುರಿನ ಮರದ ದಿಂಡನ್ನು ತಬ್ಬಿಕೊಂಡು, ಕಂಕುಳಲ್ಲಿ ಫೈಲು ಸಮೇತ ನೆಟ್ಟಗೆ ನಿಂತಿದ್ದೆ.

‘ಯಾವ್ದಮ್ಮ ಗುಂಡಿಗೆ ಬಿದ್ದಿದ್ದು, ಟಗರಾ?’ ಎಂದ, ಕಣ್ಣು ಮಂಜಾಗಿ ಮೂಲೆ ಹಿಡಿದಿದ್ದ ಮುದುಕ ದೊಡ್ಡಹನುಮಯ್ಯ.

‘ಇಲ್ಲ ಮಾವ, ಆಪೀಸ್ನೋರು’ ಎಂದಳು ಸೊಸೆ ಈರಕ್ಕ.

ಚೀಲದ ಮೇಲೆ ಮಲಗಿದ್ದ ಅವಳ ಎರಡು ವರ್ಷದ ಮಗಳು ಹನುಮಿ ಕಿಲಕಿಲ ನಕ್ಕಳು. ಈರಕ್ಕ ನಗಲಿಲ್ಲ. ನನ್ನ ಕಾಲು ನೋಡಿದಳು, ದಿಂಡು ನೋಡಿದಳು, ಮತ್ತೆ ಕಾಲು ನೋಡಿದಳು. ಆಮೇಲೆ ಮಜ್ಜಿಗೆ ತರಲು ಎದ್ದಳು. ಅಂದಿನಿಂದ ಎಂಟು ತಿಂಗಳು ನಾನು ಆ ಹೊಸಿಲು ದಾಟಲಿಲ್ಲ. ಜಗಲಿಯಲ್ಲೇ ಕೂತು ಮಗುವನ್ನು ಹೊರಗೆ ತರಿಸುತ್ತಿದ್ದೆ.

ಅದು ಎಂಬತ್ತಮೂರನೇ ಇಸವಿ. ಅಂಗವಿಕಲ ಮಕ್ಕಳಿಗೆ ಮನೆಯವರಿಂದಲೇ ತರಬೇತಿ ಕೊಡಿಸುವ ಒಂದು ಸಂಸ್ಥೆಗೆ ನಾನು ಮಧುಗಿರಿಯ ಕಾರ್ಯಕರ್ತ. ಬೆಂಗಳೂರಿನಲ್ಲಿ ಇಪ್ಪತ್ತು ದಿನ ಒಂದು ಬೊಂಬೆಗೆ ವ್ಯಾಯಾಮ ಮಾಡಿಸಿದ್ದೇ ನನ್ನ ಅರ್ಹತೆ. ಬೊಂಬೆ ಅಳುತ್ತಿರಲಿಲ್ಲ. ಅದರ ತಾಯಿಗೆ ಬೇರೆ ಕೆಲಸವೂ ಇರಲಿಲ್ಲ.

ಈರಕ್ಕನ ಊರು ಕೊಡಿಗೇನಹಳ್ಳಿಯಲ್ಲಿ ಬಸ್ಸಿಳಿದು ಮೂರು ಮೈಲಿ. ಪಾವಗಡದ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ಬೋರಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಕಂಬಳಿ ನೇಯುವ ಮನೆಗಳಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ಮಾವನ ಕಣ್ಣು ಹೋದ ಮೇಲೆ ಈರಕ್ಕ ಯಾರನ್ನೂ ಕೇಳದೆ ತಾನೇ ಮಗ್ಗಕ್ಕೆ ಕೂತಳು. ಕೇರಿಯವರು ಆಡಿಕೊಂಡರು, ಕಂಬಳಿ ಮಾತ್ರ ಅವಳ ಹತ್ತಿರವೇ ಕೊಂಡರು.

ಹನುಮಿಯ ಕಾಲು ಹುಟ್ಟಿನಿಂದ ಸೆಟೆದಿದ್ದವು. ಮೂರು ತುಂಬುವುದರೊಳಗೆ ದಿನಾ ನಿಲ್ಲಿಸಿ ಅಭ್ಯಾಸ ಮಾಡಿಸದಿದ್ದರೆ ಮಂಡಿ ಮಡಿಸಿದಂತೆಯೇ ಕಚ್ಚಿಕೊಳ್ಳುತ್ತದೆ, ಆಮೇಲೆ ಜನ್ಮವೆಲ್ಲ ತೆವಳುವುದೇ ಎಂದು ತುಮಕೂರಿನಿಂದ ಬರುವ ಡಾಕ್ಟರು ಹೇಳಿದ್ದರು.

ನಾನು ಚಾರ್ಟು ಬರೆದೆ: ದಿನಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತು ನಿಮಿಷ. ಓದು ಬಾರದವಳೆಂದು ಹೊತ್ತಿಗೊಂದು ಸೂರ್ಯನನ್ನೂ ಬಿಡಿಸಿದೆ. ಅವಳು ಅದನ್ನು ರಾಗಿ ಗುಡಾಣಕ್ಕೆ ಮುಚ್ಚಿದಳು. ಬಡಗಿಯಿಂದ ಮಗು ನಿಲ್ಲುವ ಚೌಕಟ್ಟು ಮಾಡಿಸಿ, ಬಸ್ಸಿನ ಟಾಪಿಗೇರಿಸಿ, ಮೂರು ಮೈಲಿ ಹೊತ್ತು ತಂದೆ. ಹನುಮಿ ಅದರಲ್ಲಿ ಊರೇ ಸೇರುವಂತೆ ಕಿರುಚಿದಳು. ಮುಂದಿನ ಸಲ ಹೋದಾಗ ಅದು ಅಂಗಳದಲ್ಲಿತ್ತು, ಅದರಲ್ಲಿ ಒಂದು ಕುರಿಮರಿ ನಿಂತಿತ್ತು.

‘ದಿನಾ ಅದರ ಮುಂದೆ ಕುಂತು ಆಡಿಸ್ತಿದ್ರೆ ಕಂಬ್ಳಿ ಯಾರು ನೇಯ್ತಾರೆ ಸಾಮಿ, ನೀವು ನೇಯ್ತೀರಾ?’

ನನಗೆ ರೇಗಿತು. ‘ಮಗು ನಿನ್ನದಮ್ಮ, ನನ್ನದಲ್ಲ’ ಎಂದುಬಿಟ್ಟೆ.

‘ಗೊತ್ತೈತೆ’ ಎಂದು ಮಜ್ಜಿಗೆ ಕೊಟ್ಟಳು.

ಎಂಟು ತಿಂಗಳೂ ವರದಿಯಲ್ಲಿ ಒಂದೇ ವಾಕ್ಯ ಬರೆದೆ: ತಾಯಿ ಸಹಕರಿಸುತ್ತಿಲ್ಲ.

ಕೊನೆಗೆ ಡಾಕ್ಟರೇ ಜೀಪಿನಲ್ಲಿ ಬಂದರು. ಜಗಲಿಯಲ್ಲಿ ಕೂರುವ ಜಾಯಮಾನ ಅವರದಲ್ಲ. ನೇರ ಒಳಗೆ ಹೊರಟರು. ಗುಂಡಿ ಇದೆ ಸಾರ್ ಎಂದು ಅನುಭವಸ್ಥನಂತೆ ಎಚ್ಚರಿಸುತ್ತ ಹಿಂದೆ ನಡೆದೆ.

ಈರಕ್ಕ ನೇಯುತ್ತಿದ್ದಳು. ಇಳಿಬಿಟ್ಟ ಅವಳ ಎರಡು ಮೊಣಕಾಲಿನ ನಡುವೆ, ತನ್ನ ಎದೆಮಟ್ಟ ಬರುವ ಗುಂಡಿಯಲ್ಲಿ ಹನುಮಿ ನಿಂತಿದ್ದಳು. ಮಂಡಿಯ ಮುಂದೆ ಹಳೇ ಕಂಬಳಿಯ ಮೆತ್ತೆ. ದಿಂಡು ಹಿಡಿದು ಉಣ್ಣೆ ಎಳೆಯುತ್ತ ಅವಳಿಗೂ ಕೆಲಸವೋ ಕೆಲಸ. ನೇಯುವಷ್ಟು ಹೊತ್ತೂ ಹೀಗೇ ಅಂತೆ, ಎಂಟು ತಿಂಗಳಿಂದ. ನಾನು ಕೂಗಿದಾಗಲೆಲ್ಲ ಮಗುವನ್ನು ಮೇಲೆತ್ತಿ, ಮಣ್ಣು ಒರೆಸಿ ಜಗಲಿಗೆ ತರುತ್ತಿದ್ದಳಂತೆ.

ಡಾಕ್ಟರು ಹನುಮಿಯನ್ನು ಎತ್ತಿ ಮಂಡಿ ಒತ್ತಿ ನೋಡಿದರು. ನೆಟ್ಟಗೆ ಚಾಚಿಕೊಂಡಿತು. ನೆಲದ ಮೇಲೆ ಬಿಟ್ಟರು; ಗೋಡೆ ಹಿಡಿದು ಒಬ್ಬಳೇ ನಿಂತಳು. ನಾನು ಫೈಲನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

‘ಇದನ್ನ ಯಾರಮ್ಮ ನಿನಗೆ ಹೇಳಿಕೊಟ್ಟಿದ್ದು?’

ಈರಕ್ಕ ಲಾಳಿ ನಿಲ್ಲಿಸದೆ ನನ್ನತ್ತ ಗದ್ದ ತೋರಿಸಿದಳು. ‘ಇವ್ರೇ ಸಾಮಿ. ಮೊದ್ಲು ಬಂದ ದಿನ ತಾವೇ ಒಳಕ್ಕೆ ಬಿದ್ದು ತೋರಿಸ್ಕೊಟ್ರು.’