ಹೊಳೆ ದಾಟದ ನಿಂಗಣ್ಣ ಮಾವ

ನಿಂಗಣ್ಣ ಮಾವ ದಿನಾ ಬೆಳಿಗ್ಗೆ ಹೇಮಾವತಿಯ ಸೇತುವೆಯವರೆಗೆ ನಡೆದುಹೋಗಿ, ಮೊದಲ ಕಲ್ಲುಕಂಬದ ಈಚೆಗೇ ನಿಂತು, ಎದುರು ದಡವನ್ನು ಒಂದಷ್ಟು ಹೊತ್ತು ನೋಡಿ ಹಿಂದಿರುಗುತ್ತಿದ್ದರು. ಹಾಸನದ ಮೊದಲ ಬಸ್ಸು ಸೇತುವೆ ಇಳಿದು ನಿಧಾನವಾದರೆ ಸಾಕು, ಡ್ರೈವರನ್ನು ಕೂಗಿ ಕೇಳುವರು: "ಆಚೆ ಕಡೆ ಏನಪ್ಪ ವಿಶೇಷ?" ಆಚೆ ಕಡೆ ಎಂದರೆ ಅವರಿಗೆ ವಿಲಾಯತಿಯಷ್ಟೇ ದೂರ. ಹೊಳೆನರಸೀಪುರದಲ್ಲಿ ಹುಟ್ಟಿದ ಆ ಮನುಷ್ಯ ಹೊಳೆ ದಾಟಿ ವರ್ಷಗಳೇ ಆಗಿದ್ದವು.

ಆಗ ಅವರ ತಲೆಯ ಮೇಲೆ ಕರಿ ಟೋಪಿ ಇರುತ್ತಿತ್ತು ಎಂದು ನನ್ನ ನೆನಪು. ಟವೆಲ್ಲು ಸುತ್ತುತ್ತಿದ್ದ, ಟೋಪಿ ಅವನ ಬಳಿ ಇರಲೇ ಇಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು. ಅವಳು ಅವರ ಒಡಹುಟ್ಟಿದವಳು, ಆದ್ದರಿಂದ ಅವಳ ಮಾತೇ ನಿಜವಿರಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಟೋಪಿಯೇ. ಮುಂದೆ ಬರೆಯುವುದನ್ನೆಲ್ಲ ಓದುವವರು ಈ ಟೋಪಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ, ಬೇರೆಲ್ಲೂ ಕೆಲಸ ಸಿಗದೆ, ಹೊಳೆನರಸೀಪುರದ ಹೈಸ್ಕೂಲಿಗೆ ಮೇಷ್ಟರಾಗಿ ಬಂದವನು. ಮಾವನ ಮನೆಯ ಮುಂಗೋಣೆಯಲ್ಲಿ ವಾಸ. ಹುಡುಗರಿಗೆ ಭೂಗೋಳ ಹೇಳಿಕೊಡುತ್ತಾ, ಊರೂರಿನ ಕಾಲೇಜುಗಳಿಗೆ ಅರ್ಜಿ ಹಾಕುತ್ತಾ ಕುದಿಯುತ್ತಿದ್ದೆ. ಮಾವನಿಗೆ ನಾಲೆಯ ಬಯಲಿನಲ್ಲಿ ಗದ್ದೆ ಇತ್ತು, ಮಾಡುವವರಿದ್ದರು. ಅವರ ಕೆಲಸವೆಂದರೆ ಜಗಲಿ ಮತ್ತು ಲೋಕವಾರ್ತೆ. ಅಂಗಡಿಯಿಂದ ಬಂದ ಪೊಟ್ಟಣದ ಕಾಗದವನ್ನು ಬಿಡಿಸಿ, ತೊಡೆಯ ಮೇಲೆ ಉಜ್ಜಿ ಸಾಪು ಮಾಡಿ, ಅಕ್ಷರ ಬಿಡದೆ ಓದುವರು. ಹೀಗಾಗಿ ಅವರ ಜ್ಞಾನವೆಲ್ಲ ಅರ್ಧಕ್ಕೆ ಹರಿದದ್ದು.

"ತಿಮಿಂಗಿಲದ್ ನಾಲ್ಗೆ ಒಂದ್ ಆನೆ ತೂಕ ಅಂತೆ ಕಣ್ಲಾ ಅಳಿಯ. ಅದ್ಕೇ ಅದು..."

"ಅದಕ್ಕೇ ಏನು ಮಾವ?"

"ಅಲ್ಲಿಗೆ ಕಾಗ್ದ ಅರಿದೋಗದೆ. ಮಿಕ್ಕಿದ್ದು ಯಾರ್ ಮನೆ ಬೆಲ್ಲ ಕಟ್ತೋ."

"ನಾಲಿಗೆಯನ್ನು ತೂಗಿದವರು ಯಾರು?"

"ತೂಗ್ದೋರ್ನ ಕೇಳು. ನಾನು ಓದ್ದೋನು."

ಅವರಿಗೆ ಪದಗಳ ಹುಚ್ಚೂ ಇತ್ತು. ಗುಬ್ಬಿ ಮರಿಗೆ ಕೊಡುವುದು ಗುಟುಕು, ಆನೆ ಬಾಯಿಗೆ ಹಾಕಿಕೊಳ್ಳುವುದು ಕಬಳ ಎಂದು ಒಂದು ದಿನ ಜಗಲಿಯಲ್ಲಿ ಕೂತವರಿಗೆಲ್ಲ ವಿವರಿಸಿ, "ಮಂತ್ರಿಗೋಳು ತಿನ್ನೋದ್ಕೆ ಇನ್ನೂ ಪದ ಉಟ್ಟಿಲ್ಲ" ಎಂದು ಮುಗಿಸಿದರು. ಪ್ರಾಣಿಯ ವಿಷಯ ಎಲ್ಲಿಂದಲೇ ಶುರುವಾಗಲಿ, ಬಂದು ನಿಲ್ಲುತ್ತಿದ್ದುದು ಪುರಸಭೆಯ ಮುಂದೆ. "ಜಿರಾಫೆ ಕತ್ತು ಅಷ್ಟುದ್ದ, ಆದ್ರೆ ಸದ್ದಿಲ್ಲ. ನಮ್ ಚೇರ್ಮನ್ನನ್ಗೆ ಕತ್ತೇ ಇಲ್ಲ, ಸದ್ ಕೇಳು."

ಆ ಪುರಸಭೆಯೇ ಅವರನ್ನು ಕಟ್ಟಿಹಾಕಿತ್ತು. ಬಾಜಿ ಕಟ್ಟಿದ ದಿನ ನಾನು ಊರಲ್ಲಿರಲಿಲ್ಲ, ಕೇಳಿ ತಿಳಿದದ್ದು. ಐವತ್ತರ ದಶಕದ ಒಂದು ಚುನಾವಣೆಯ ಹಿಂದಿನ ದಿನ, ಕಾಫಿ ಹೋಟೆಲಿನಲ್ಲಿ, ಅಕ್ಕಿ ಮಿಲ್ಲಿನ ಚಿಕ್ಕಣ್ಣ ತನ್ನ ಕಡೆಯವರು ಸೋತರೆ ಮೀಸೆ ಬೋಳಿಸುವುದಾಗಿ ಹೇಳಿದ. ಮಾವ ಎದುರು ಪಕ್ಷ. ಅವರಿಗೆ ಆ ಬಾಜಿ ಅಗ್ಗವೆನಿಸಿತು. "ಮೀಸೆ ಏನ್ಲಾ, ನಾಕ್ ದಿನಕ್ಕೆ ಬೆಳಿತದೆ. ನಮ್ಮೋರು ಸೋತ್ರೆ, ನಮ್ಮೋನು ಚೇರ್ಮನ್ ಆಗೋಗಂಟ ನಾನು ಈ ಒಳೆ ದಾಟಲ್ಲ" ಎಂದು ಎಲ್ಲರ ಮುಂದೆ ಹೇಳಿದರು. ಮರುದಿನ ಚಿಕ್ಕಣ್ಣನ ಮೀಸೆ ಉಳಿಯಿತು.

ಮುಂದಿನ ಸಲ ಗೆಲ್ಲುತ್ತೇವೆ ಎಂದುಕೊಂಡರು. ಮುಂದಿನ ಸಲವೂ ಸೋತರು. ಅದರ ಮುಂದಿನ ಸಲ ಸೋಲಿಗಿಂತ ಕೆಟ್ಟದ್ದಾಯಿತು. ಅವರ ಕಡೆಯವನೇ ಹಾರ ಹಾಕಿಸಿಕೊಂಡು ಚಿಕ್ಕಣ್ಣನ ಕಡೆ ಸೇರಿಬಿಟ್ಟ. ಗೆಲ್ಲಬೇಕಾದ ಪಕ್ಷವೇ ಊರಲ್ಲಿ ಉಳಿಯಲಿಲ್ಲ. ನಾನು ಓದಿದ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ ವಾದಿಸಿದೆ: "ಷರತ್ತೇ ಇಲ್ಲವಾದ ಮೇಲೆ ಮಾತೂ ಬಿದ್ದುಹೋಯಿತು ಮಾವ. ನೀವೀಗ ದಾಟಬಹುದು."

"ಗೂಟ ಮುರಿದೋದ್ರೆ ಏನಾಯ್ತು? ಅಗ್ಗ ಇರೋದು ಎಮ್ಮೆ ಕತ್ನಲ್ಲಿ ಕಣ್ಲಾ."

"ನೀವು ದೇವರನ್ನೇ ನಂಬುವವರಲ್ಲ. ಯಾರಿಗೆ ಹೆದರುತ್ತೀರಿ?"

"ದೇವ್ರ್ ಮುಂದೆ ಆಡಿದ್ರೆ ತಪ್ಪುಕಾಣಿಕೆ ಆಕ್ಬುಟ್ಟು ಬರ್ಬೋದಿತ್ತು. ನಾನು ಆಡಿದ್ದು ಓಟ್ಲಲ್ಲಿ." ನನ್ನ ಕಡೆ ತಿರುಗಿದರು. "ನೀನು ವಾರ್‍ಕೊಂದ್ಸಲ ದಾಟ್ತೀಯಲ್ಲ. ದಾಟಿ ಎಲ್ಲಿಗ್ಲಾ ಓದೆ? ಆಸ್ನದಲ್ಲಿ ಸಿನಿಮಾ ನೋಡ್ಕಂಡು ಬಂದೆ."

ಅರಕಲಗೂಡಿನ ಸಂತೆ ಹೊಳೆಯ ಈ ದಡಕ್ಕೇ ಇದ್ದುದರಿಂದ ಅವರಿಗೆ ಅಲ್ಲಿಯವರೆಗೆ ಸ್ವಾತಂತ್ರ್ಯ. ಚನ್ನರಾಯಪಟ್ಟಣ, ಹಾಸನ ಎಲ್ಲ ಹೊರದೇಶ. ನುಗ್ಗೇಹಳ್ಳಿಯ ಗುಡಿಯ ಗೋಡೆಯಲ್ಲಿ ಎಷ್ಟು ಬಗೆಯ ತುರುಬುಗಳಿವೆ ನೋಡಿಕೊಂಡು ಬಾ ಎಂದು ಒಮ್ಮೆ ನನ್ನನ್ನು ಅಟ್ಟಿದ್ದರು. ನಾನು ಹೋಗಿ ಬಂದು ವರದಿ ಒಪ್ಪಿಸಿದಾಗ ಕಣ್ಣು ಮುಚ್ಚಿ ಕೇಳಿಸಿಕೊಂಡರು.

ಇದೆಲ್ಲ ನಗುವ ಮಾತೇ ಆಗಿ ಉಳಿಯಬಹುದಿತ್ತು. ಆದರೆ ಅವರಿಗೆ ಒಬ್ಬಳೇ ಮಗಳು, ಗೌರಿ. ಬಾಜಿಯ ಮೇಲೆ ಒಂದೆರಡು ವರ್ಷಕ್ಕೆ ಹಾಸನದ ಹತ್ತಿರದ ಬೂವನಹಳ್ಳಿಯಿಂದ ಒಳ್ಳೆಯ ಸಂಬಂಧ ಬಂತು. ಬಿಡಬಾರದೆಂದು ಅತ್ತೆ ಹಟ ಹಿಡಿದರು. ಅಷ್ಟರಲ್ಲಿ ನಮ್ಮೋರು ಗೆದ್ದಿರುತ್ತಾರೆ ಎಂದು ಮಾವನೂ ಒಪ್ಪಿದರು. ಮದುವೆ ನಮ್ಮೂರಲ್ಲೇ ಆಯಿತು. ಹೆಣ್ಣನ್ನು ಒಪ್ಪಿಸಲು ಎಲ್ಲರೂ ಬೂವನಹಳ್ಳಿಗೆ ಹೊರಟಾಗ ಮಾವ ಸೇತುವೆಯವರೆಗೆ ಗಾಡಿಯ ಪಕ್ಕದಲ್ಲಿ ನಡೆದು ಬಂದು ನಿಂತುಬಿಟ್ಟರು. ಗೌರಿ ಗಾಡಿಯ ಹಿಂಬದಿಯಲ್ಲಿ ಕೂತು ಅವರನ್ನೇ ನೋಡುತ್ತಾ ಹೋದಳು.

ಆಮೇಲೆ ಅವಳು ಹಬ್ಬಕ್ಕೆ, ಬಾಣಂತನಕ್ಕೆ ಬಂದಳು. ಅವರು ಹೋಗಲಿಲ್ಲ. ಅವಳ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ.

ಒಂದು ಬೇಸಿಗೆಯಲ್ಲಿ ಬೂವನಹಳ್ಳಿಯಿಂದ ಆಳು ಬಂದ. ಗೌರಿಗೆ ವಿಷಮಜ್ವರ, ಇಳಿಯುತ್ತಿಲ್ಲ, ಅಪ್ಪನನ್ನು ಕರೆಯುತ್ತಿದ್ದಾಳೆ. ಅತ್ತೆ ನಿಂತ ಕಾಲಲ್ಲೇ ಸೀರೆ ಗಂಟು ಕಟ್ಟಿದರು.

"ಬತ್ತೀರೋ ಇಲ್ವೋ?"

ಮಾವ ಕಂಬ ಹಿಡಿದು ನಿಂತಿದ್ದರು.

"ತಿಮಿಂಗಿಲದ್ ನಾಲ್ಗೆ ಗೊತ್ತು. ಮಗಳ ಮನೆ ಬಾಗ್ಲು ಯಾವ್ ದಿಕ್ಕಿಗದೆ ಅಂತ ಗೊತ್ತಾ ನಿಮ್ಗೆ?" ಎಂದು ಅತ್ತೆ ಬೀದಿಗೆ ಕೇಳುವಂತೆ ಅಂದು ಬಸ್ಸಿಗೆ ಹೊರಟುಹೋದರು.

ಆ ಸಂಜೆ ಮಾವ ಮುಂಗೋಣೆಗೆ ಬಂದು, ಸ್ಕೂಲಿನಿಂದ ಭೂಪಟ ತರಲು ಹೇಳಿದರು. ತಂದು ಹಾಸಿದೆ. ಹೇಮಾವತಿಯ ನೀಲಿ ಗೆರೆಯನ್ನು ಬೆರಳಲ್ಲಿ ಮೇಲಕ್ಕೆ ಸವರುತ್ತಾ ಹೋದರು. ಮೂಡಿಗೆರೆ ಸೀಮೆಯಲ್ಲಿ ಗೆರೆ ಮುಗಿಯಿತು.

"ಇದು ಒಳೆ ತಲೆ ಅಲ್ವಾ? ಇದ್ರ ಮ್ಯಾಲಿಂದ ಸುತ್ತಾಕ್ಕಂಡು ಆ ಕಡೀಕೆ ಇಳುದ್ರೆ ಒಳೆ ದಾಟ್ದಂಗಾಯ್ತದಾ?"

ತರ್ಕದ ಪ್ರಕಾರ ಆಗುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. "ಆದರೆ ಮಾವ, ಒಂದು ಗಂಟೆಯ ದಾರಿಗೆ ಎರಡು ದಿನ!"

"ಒಂದ್ ಗಂಟೆ ದಾರಿ ನಂಗಿಲ್ಲ ಕಣ್ಲಾ. ಎರಡ್ ದಿನದ್ದು ಅದೆ. ನಡಿ."

ಅರಕಲಗೂಡಿನಿಂದ ಪಶ್ಚಿಮಕ್ಕೆ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದೆವು. ಒಂದೊಂದು ಮೋರಿ ಬಂದಾಗಲೂ ಮಾವ ಸೀಟಿನಿಂದ ಎದ್ದು ಕಂಡಕ್ಟರನ್ನು ಕೇಳುವರು: "ಇದ್ಯಾವ್ ಅಳ್ಳ ಸಾಮಿ? ಏಮಾವತಿ ಅಲ್ಲ ತಾನೆ?" ಜನ ನಗುತ್ತಿದ್ದರು. ದಾರಿಯುದ್ದಕ್ಕೂ ಅವರು ಒಂದೇ ಒಂದು ಹೊಸ ಸಂಗತಿ ಹೇಳಲಿಲ್ಲ. ಕಾಫಿ ತೋಟದ ಆಳೊಬ್ಬ ಗುಡ್ಡದ ಮೇಲೆ ಜರಿಗಿಡಗಳ ನಡುವಿನ ಒಂದು ಒದ್ದೆ ಜಾಗವನ್ನು ತೋರಿಸಿ ಇದೇ ಹೊಳೆ ಹುಟ್ಟುವುದು ಎಂದ. ಇನ್ನೊಬ್ಬ ಬೇರೆ ಗುಡ್ಡದ ಕಡೆ ಕೈ ಮಾಡಿದ. ನಾವು ಮೊದಲನೆಯವನನ್ನು ನಂಬಿದೆವು. ನದಿಗೆ ಮೂಲ ಎನ್ನುವುದು ಒಂದೇ ಇರುತ್ತದೆ ಎಂಬುದರಲ್ಲೇ ನನಗೆ ಅನುಮಾನವಿದೆ. ನಾವು ಸುತ್ತಿಬಂದದ್ದು ಹೇಮಾವತಿಯನ್ನೇ ಎನ್ನಲು ಇಂದಿಗೂ ನನ್ನ ಬಳಿ ಆಧಾರವಿಲ್ಲ.

ಅಲ್ಲಿ ಹೊಳೆ ಗೇಣಗಲ ಇತ್ತು. ನಾನು ಅತ್ತ ಒಂದು ಕಾಲು ಇತ್ತ ಒಂದು ಕಾಲು ಇಟ್ಟು ನಿಂತೆ. ಮಾವ ಬಗ್ಗಿ ನೋಡಿ, "ಇದ್ಕೇನ್ಲಾ ನಾನು ಎದ್ರುಕಂಡು ಕೂತಿದ್ದು?" ಎಂದರು. ಹಾಗೆಂದರೂ ಅದನ್ನು ದಾಟಲಿಲ್ಲ. ಏದುಸಿರು ಬಿಡುತ್ತಾ ಗುಡ್ಡದ ನೆತ್ತಿ ಹತ್ತಿ ಸುತ್ತು ಹಾಕಿ ಬಂದರು.

ಬೇಲೂರಿನ ಮೇಲೆ ಹಾಸನಕ್ಕೆ ಬಂದು ಬೂವನಹಳ್ಳಿ ಮುಟ್ಟಿದೆವು. ಗೌರಿಯ ಅತ್ತೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟು ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಬೀಗ್ರೇ, ನೀವಿಲ್ಲಿ! ಅವ್ಳು ಅಲ್ಲಿಗೋದ್ಲಲ್ಲಪ್ಪ!"

ಮೊನ್ನೆಯೇ ಜ್ವರ ಬಿಟ್ಟಿತ್ತು. ಎಚ್ಚರಾದಾಗಲೆಲ್ಲ ಅಪ್ಪ ಬಂದನಾ ಎಂದು ಕೇಳುತ್ತಿದ್ದಳಂತೆ. ಅವನು ಬರುವುದಿಲ್ಲ, ನಾನೇ ಹೋಗುತ್ತೇನೆ ಎಂದು ಹಟ ಮಾಡಿದ್ದಳು. ಆ ಬೆಳಿಗ್ಗೆ ಕಾರು ಗೊತ್ತು ಮಾಡಿ, ಗಂಡನೂ ತಾಯಿಯೂ ಹಿಡಿದುಕೊಂಡು ಹೊಳೆನರಸೀಪುರಕ್ಕೆ ಕರೆದೊಯ್ದಿದ್ದರು.

ಅವರು ಕೊಟ್ಟ ನೀರನ್ನು ಮಾವ ಕುಡಿದರು. ಬಾಗಿಲನ್ನು ನೋಡಿ, ಸೂರ್ಯನನ್ನು ನೋಡಿ, "ಪೂರ್ವಕ್ಕದೆ" ಎಂದರು. ಒಳಗೆ ಕಾಲಿಡಲಿಲ್ಲ.

ಹೊಳೆನರಸೀಪುರದ ಬಸ್ಸು ಸೇತುವೆಯ ಆಚೆ ತುದಿಗೆ ಬರುತ್ತಲೇ ನಿಲ್ಲಿಸಲು ಕೂಗಿ ಇಳಿದುಬಿಟ್ಟರು. ನಾನೂ ಇಳಿದೆ. ನಡುವೆ ಬೇಸಿಗೆಯ ಸಣ್ಣ ಹೊಳೆ. ಎದುರಿಗೆ ನಮ್ಮ ಬೀದಿಯ ಹೆಂಚುಗಳು. ಈಗ ಅವರು ಹೊಳೆಯ ಇನ್ನೊಂದು ಪಕ್ಕದಲ್ಲಿ ಸಿಕ್ಕಿಬಿದ್ದಿದ್ದರು. ಮನೆಗೆ ಹೋಗಬೇಕೆಂದರೆ ಮತ್ತೆ ಮೂಡಿಗೆರೆ.

ಬಿಸಿಲಲ್ಲಿ ಬಹಳ ಹೊತ್ತು ನಿಂತರು. ಆಮೇಲೆ, ನನ್ನ ಮುಖ ನೋಡದೆ, "ಓಗಿ ಚಿಕ್ಕಣ್ಣನ್ನ ಕರಕಂಡ್ ಬಾ. ನಾನೇ ಕೇಳ್ತೀನಿ" ಎಂದರು.

ಒಂದೇ ಬೀದಿಯವರಾದರೂ ಅವರಿಬ್ಬರೂ ಬಾಜಿಯ ದಿನದಿಂದ ಮಾತಾಡಿರಲಿಲ್ಲ. ಚಿಕ್ಕಣ್ಣ ತಲೆಗೂದಲಿಗೆಲ್ಲ ತವುಡು ಮೆತ್ತಿಕೊಂಡು ಹಾಗೆಯೇ ಮಿಲ್ಲಿನಿಂದ ಬಂದ. ಮಾವ ಕೈ ಮುಗಿದರು. ಅವರು ಯಾರಿಗೂ ಕೈ ಮುಗಿದದ್ದನ್ನು ನಾನು ನೋಡಿರಲಿಲ್ಲ.

"ಚಿಕ್ಕಣ್ಣ, ನನ್ ಮಾತು ಬುಡ್ಸಪ್ಪ. ಮಗಳು ಬಂದವ್ಳೆ."

ಚಿಕ್ಕಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಾಬರಿಯಾಯಿತು. "ಅಯ್ಯೋ ನಿಂಗಣ್ಣ, ಅದಾ! ನಾನು ಅದ್ನ ಅವತ್ತೇ ಮರ್ತೆ ಕಣಣ್ಣ. ನಿಮ್ಗೇ ಆ ಕಡೀಕೆ ಓಗಾಕೆ ಮನಸಿಲ್ಲ, ಅದ್ಕೆ ಬಾಜಿ ನೆಪ ಏಳ್ತೀರ ಅಂದ್ಕಂಡಿದ್ದೆ. ಒಂದ್ ಮಾತು ಕೇಳಿದ್ರೆ ಅವತ್ತೇ ಬುಡ್ತಿದ್ನಲ್ಲ!" ಎಂದು ಮಾವನ ಕೈ ಹಿಡಿದು, ಮಕ್ಕಳನ್ನು ರಸ್ತೆ ದಾಟಿಸುವ ಹಾಗೆ ಸೇತುವೆ ದಾಟಿಸಿದ.

ಗೌರಿ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಅಪ್ಪನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಟ್ಟಿಲ್ಲದೆ, ಏನನ್ನೋ ತಿಳಿದುಕೊಳ್ಳುವವಳಂತೆ ಕೇಳಿದಳು: "ಅಂಗಾರೆ ಒಂದ್ ಮಾತು ಕೇಳ್ಬೋದಿತ್ತಲ್ಲಪ್ಪ?"



ಅದಾದ ಮೇಲೆ ಮಾವ ಪ್ರತಿ ಸೋಮವಾರ ಮೊದಲ ಬಸ್ಸಿಗೆ ಬೂವನಹಳ್ಳಿಗೆ ಹೋಗತೊಡಗಿದರು. ಸಂಜೆಯವರೆಗೆ ಗೌರಿಯ ಹಜಾರದಲ್ಲಿ ಕೂತಿದ್ದು ಹಿಂದಿರುಗುವರು. ಹಾಸನ ಅಲ್ಲಿಂದ ಎರಡು ಹೆಜ್ಜೆ, ಹೋಗಲಿಲ್ಲ. ನುಗ್ಗೇಹಳ್ಳಿಗೆ ಕರೆದರೆ, "ನೀನ್ ನೋಡಿದ್ಯಲ್ಲ, ಸಾಕು" ಎಂದರು. ಪೊಟ್ಟಣದ ಕಾಗದಗಳು ಓದದೆ ಒಲೆ ಸೇರಿದವು.

ಅರವತ್ತರ ದಶಕದ ಕೊನೆಗೆ ನನಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿತು. ನಾನು ಟ್ರಂಕು ಹೊತ್ತು ಹೊರಟದ್ದೂ ಒಂದು ಸೋಮವಾರವೇ. ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತಿದ್ದರು. ಮಡಿಲಲ್ಲಿ ನುಗ್ಗೇಕಾಯಿಯ ಕಟ್ಟು. ಸೇತುವೆ ಬಂದಾಗ ಹೊರಗೆ ನೋಡಲಿಲ್ಲ.

"ಮೊಣಕಾಲು ಊದಿದೆ ಅಂತೀರಿ. ಈ ವಾರ ಬಿಡಬಹುದಾಗಿತ್ತು ಮಾವ" ಎಂದೆ.

"ಬುಡ್ಬೋದು ಕಣ್ಲಾ. ಬುಟ್ರೆ ಅವ್ಳು ಏನೂ ಅನ್ನಲ್ಲ. ಅದ್ಕೇ ಬುಡಾಕಾಗಲ್ಲ."

ಬೂವನಹಳ್ಳಿಗೆ ದಾರಿ ತಿರುಗುವಲ್ಲಿ ಮಾವ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿದರು. ಬಸ್ಸು ಹೊರಟಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಗೌರಿ ಕೊಡೆ ಹಿಡಿದು ರಸ್ತೆಯಂಚಿನಲ್ಲಿ ಅಪ್ಪನಿಗಾಗಿ ಕಾದು ನಿಂತಿದ್ದಳು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಈಚೆಗೆ ಅವಳಿಗೆ ಅದನ್ನು ಹೇಳಿದೆ.

"ಇಲ್ಲ ಕಣೋ. ನಾನು ಒಂದಿನಾನೂ ರಸ್ತೆಗಂಟ ಬಂದೋಳಲ್ಲ. ಅಪ್ಪ ಒಬ್ಬನೇ ನಡ್ಕಂಡ್ ಬತ್ತಿತ್ತು."