ಸೋಮವಾರ ಮೈ ತೊಳೆಸಿಕೊಂಡ ಗಾಡಿ

ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಉತ್ತರ ಸಿದ್ಧವಿದೆ: ಕಾಕಾನ ಪಿಕಪ್ ಗಾಡಿ ಕೆಟ್ಟದ್ದು ಅದನ್ನು ಸೋಮವಾರ ಹೂಡಿದ್ದಕ್ಕೆ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಾಕಾ ಅಷ್ಟು ದಿನ ಗಾಡಿಗೂ ಅದೇ ನೇಮ ನಡೆಸಿಕೊಂಡು ಬಂದ, ಒಮ್ಮೆ ತಪ್ಪಿದ, ತಪ್ಪಿದ ದಿನವೇ ಗಾಡಿಯ ತಳ ಕಿತ್ತುಹೋಯಿತು. ಇಷ್ಟೇ ಅವರ ವಾದ. ಕೇಳಲು ಚೆನ್ನಾಗಿಯೂ ಇದೆ.

ನಾನು ಒಪ್ಪುವುದಿಲ್ಲ. ವಿಜಾಪುರದ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತದ್ದೇನಾದರೂ ಇದ್ದರೆ, ಎದುರಿನವರ ಮಾತು ಚೆನ್ನಾಗಿ ಕೂತಷ್ಟೂ ಅದರ ಕೆಳಗೆ ಕೈಹಾಕಿ ನೋಡಬೇಕು ಎನ್ನುವುದು. ತುಕ್ಕು ಒಂದು ಮಧ್ಯಾಹ್ನದಲ್ಲಿ ಹುಟ್ಟುವ ವಸ್ತುವಲ್ಲ. ಆ ಒಂದು ಸೋಮವಾರ ಗಾಡಿಯನ್ನು ಕೆಡಿಸಿತು ಎನ್ನುವವರು, ಅದರ ಹಿಂದಿನ ಸೋಮವಾರಗಳಲ್ಲಿ ಗಾಡಿ ಎಲ್ಲಿ ನಿಂತಿರುತ್ತಿತ್ತು ಎಂದು ಕೇಳಿಕೊಳ್ಳಬೇಕು. ಯಾರೂ ಕೇಳಿಕೊಳ್ಳುವುದಿಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಕತೆ ಮುಗಿಯುವಾಗ ಎಲ್ಲರೂ ಚಿಗವ್ವನ ಮನೆಯ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಸೋಮವಾರ ಹೊರಡೋಣ ಎಂದವಳು ಅವಳು.

ಕಾಕಾ ನಮ್ಮಪ್ಪನ ತಮ್ಮ, ಚಿಗವ್ವ ಅವನ ಹೆಂಡತಿ. ನಮ್ಮ ಊರು ಬಾಗೇವಾಡಿಗೂ ಸಿಂದಗಿಗೂ ನಡುವೆ, ಡೋಣಿ ಹೊಳೆಯ ದಂಡೆಗೆ. ಚಿಗವ್ವನ ತವರು ಹೊಳೆಯಾಚೆ, ಮುದ್ದೇಬಿಹಾಳದ ಕಡೆ. ಮದುವೆಯಲ್ಲಿ ಅವಳಪ್ಪ ತನ್ನ ಕೈಯಾರೆ ಸಾಕಿದ ಎರಡು ಹೋರಿಗಳನ್ನು ಬಳುವಳಿ ಕೊಟ್ಟಿದ್ದ. ಅವು ನಮ್ಮಲ್ಲಿ ಎತ್ತಾಗಿ, ಹೊಲ ಹಸನು ಮಾಡಿ, ಇನ್ನೂ ಗಟ್ಟಿಯಾಗಿದ್ದಾಗಲೇ ಕಾಕಾ ಅವನ್ನು ಮಾರಿದ. ಮಾರಿ, ಇಂಡಿ ತಾಲೂಕಿನ ತಾಂಬಾದಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಕೊಟ್ಟಿಗೆಯಲ್ಲಿ ಮಲಗಿದ್ದ ಪಿಕಪ್ ಗಾಡಿ ತಂದ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಮಿಲಿಟರಿ ಗಾಡಿಯಂತೆ. ಅದರ ಬಣ್ಣ ಏನಿತ್ತೆಂದು ಹೇಳುವುದು ಕಷ್ಟ. ಬಹಳಷ್ಟು ಕಡೆ ಅದು ತುಕ್ಕಿನ ಬಣ್ಣವೇ ಆಗಿತ್ತು.

ಗಾಡಿ ಬಾಗಿಲಿಗೆ ಬಂದು ನಿಂತಾಗ ಚಿಗವ್ವ ಹೊಸ್ತಿಲು ದಾಟಲಿಲ್ಲ.

"ನಮ್ಮಪ್ಪ ಕೊಟ್ಟಿದ್ದು ಎಲ್ಲಿ?"

"ಇದ ನೋಡು. ಎಂಟು ಎತ್ತಿನ ಕೆಲಸ ಮಾಡತೈತಿ."

"ಮೊದಲ ಒಂದು ಎತ್ತಿನ ಕೆಲಸ ಮಾಡ್ಲಿ. ಇದರಾಗ ನಾ ಕಾಲಿಡಂಗಿಲ್ಲ."

ಅಂದಿನಿಂದ ಅವಳು ತವರಿಗೂ ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ. ಅವಳಪ್ಪನಿಗೆ ಒಂದು ರೂಢಿ: ನಮ್ಮೂರ ಕಡೆಯಿಂದ ಯಾರೇ ಆ ಕಡೆ ಹೋದರೂ ಮಗಳು ಹೇಗಿದ್ದಾಳೆ ಎನ್ನುವ ಮೊದಲು ಎತ್ತು ಹೇಗಿವೆ ಎಂದು ಕೇಳುವುದು. "ಚೊಲೊ ಅದಾವು ಅನ್ರಿ" ಎಂದು ಚಿಗವ್ವ ಹೇಳಿಕಳಿಸುತ್ತಿದ್ದಳು. ಹೇಳಿಕಳಿಸುವುದು ಬೇರೆ, ಎದುರು ನಿಂತು ಹೇಳುವುದು ಬೇರೆ. ಕಾಕಾನಿಗೆ ಇದು ಗೊತ್ತಿತ್ತು. ಅವನ ಲೆಕ್ಕ ಸರಳವಾಗಿತ್ತು. ಗಾಡಿ ಹೊಸದರಂತೆ ಆಗಬೇಕು, ಚಿಗವ್ವ ಮುಂದಿನ ಸೀಟಿನಲ್ಲಿ ಕೂರಬೇಕು, ಅದನ್ನು ಮಾವನ ಅಂಗಳದಲ್ಲಿ ನಿಲ್ಲಿಸಿ, ಇವೇ ನಿಮ್ಮ ಎತ್ತು ಎನ್ನಬೇಕು. ಹಳೇ ಡಬ್ಬಿಯಂಥ ಗಾಡಿಯಲ್ಲಿ ಹೋಗಿ ಈ ಮಾತು ಹೇಳಲು ಬರುವುದಿಲ್ಲ ತಾನೆ? ಇದೊಂದು ಕಾರಣಕ್ಕಾಗಿ ನಾವು ಆ ಬೇಸಿಗೆಯ ರಜೆಯೆಲ್ಲ ತುಕ್ಕು ಕೆರೆದೆವು.

ತುಕ್ಕು ಕೆರೆಯುವ ಕೆಲಸದ ಬಗ್ಗೆ ಒಳ್ಳೆಯ ಮಾತು ಹೇಳುವವರನ್ನು ನಾನು ನಂಬುವುದಿಲ್ಲ. ತಂತಿ ಬ್ರಷ್ಷು, ಮರಳು ಕಾಗದ, ಚಿಮಣಿ ಎಣ್ಣೆಯಲ್ಲಿ ಅದ್ದಿದ ಚಿಂದಿ. ಮೂಗಿನಲ್ಲಿ ಕೆಂಪು ಹುಡಿ, ಉಗುಳಿದರೆ ಕೆಂಪು, ರೊಟ್ಟಿ ಮುರಿದರೆ ಅದರಲ್ಲೂ ಅದೇ ವಾಸನೆ. ಒಂದು ಮಗ್ಗುಲು ಬೆಳ್ಳಗೆ ಮಾಡಿ ಊಟಕ್ಕೆದ್ದು ಬಂದರೆ ಇನ್ನೊಂದು ಮಗ್ಗುಲು ನಮ್ಮನ್ನೇ ನೋಡುತ್ತ ಕೂತಿರುತ್ತಿತ್ತು. ಸಿಂದಗಿಯಿಂದ ಪತ್ರಾ ಕೆಲಸದ ಮಿಸ್ತ್ರಿಯೊಬ್ಬರು ಬಂದು ತೂತುಬಿದ್ದ ಕಡೆ ತಗಡು ಕೂರಿಸಿದರು. ವಯಸ್ಸಾದ ಮುಸಲ್ಮಾನರು, ಕಾಕಾನ ಹಳೆಯ ಗೆಳೆಯರು. ಕೆಲಸಕ್ಕಿಂತ ಮಾತು ಜಾಸ್ತಿ, ಅದೂ ಕಾಕಾನನ್ನು ಕಿಚಾಯಿಸುವ ಮಾತು.

"ಏನೋ ದೋಸ್ತ, ಹೆಂಡ್ತೀನ್ನ ಕೂಡಸಾಕ ಇಷ್ಟು ಖಟಪಟಿ? ಪಲ್ಲಕ್ಕಿನ ಮಾಡಿಸಬೇಕಿತ್ತಲ್ಲ."

"ಪಲ್ಲಕ್ಕಿ ಹೊರಾಕ ನೀ ಬರ್ತಿಯೇನು?"

"ನಾ ಯಾಕ ಬರಲಿ? ನಿಮ್ಮ ವಕೀಲ ಅದಾನಲ್ಲ, ಅಂವ ಒಂದ ಕಡೆ ಹೊರತಾನ. ಇನ್ನೊಂದು ಕಡೆ ಅವನ ಮಾತು ಹೊರತಾವು."

ವಕೀಲ ಎಂದರೆ ನಾನು. ನಾನು ವಕೀಲನಾಗಿರಲಿಲ್ಲ, ಆಗುವ ಆಸೆಯೂ ಇರಲಿಲ್ಲ. ಬಾಯಿ ತೆರೆದರೆ ನಮ್ಮಲ್ಲಿ ಆ ಪದವಿ ತಾನಾಗಿ ಬರುತ್ತದೆ.

ಬಣ್ಣ ಬಳಿದಾಯಿತು. ತಳಕ್ಕೆ ಏನು ಬಳಿಯಬೇಕೆಂಬುದರಲ್ಲಿ ಮೊದಲ ಜಗಳ. ಬಾವಿಯಿಂದ ಎತ್ತುಗಳು ನೀರೆಳೆಯುವ ಚರ್ಮದ ಮೋಟ ಇರುತ್ತದಲ್ಲ, ಅದಕ್ಕೆ ನಮ್ಮವರು ಕುಸುಬಿ ಎಣ್ಣೆಯನ್ನು ಕಾಯಿಸಿ ಕಾಯಿಸಿ ಡಾಂಬರಿನಷ್ಟು ಮಂದ ಮಾಡಿ ಬಳಿಯುತ್ತಾರೆ. ಚರ್ಮ ಕೊಳೆಯುವುದಿಲ್ಲ, ನೀರು ಸೋರುವುದಿಲ್ಲ. ಕಾಕಾ ಅದನ್ನೇ ಒಂದು ಕಡಾಯಿ ಕಾಯಿಸಿ ಗಾಡಿಯ ತಳಕ್ಕೆಲ್ಲ ಮೆತ್ತಿದ. ಮೆತ್ತುವುದು ತಪ್ಪಲ್ಲ. ಆದರೆ ಮೂಲೆಗಳ ಮಣ್ಣನ್ನು, ಸಂದುಗಳ ಹಳೆಯ ತುಕ್ಕನ್ನು ಪೂರ್ತಿ ತೆಗೆಯದೆ ಅದರ ಮೇಲೆಯೇ ಮೆತ್ತಿದ.

"ಕಾಕಾ, ಒಳಗ ಕಳ್ಳನ್ನ ಇಟ್ಟು ಹೊರಗ ಕೀಲಿ ಹಾಕಾಕತ್ತಿ."

"ಕೀಲಿ ಹಾಕಿದ ಮ್ಯಾಲ ಕಳ್ಳ ಎಲ್ಲಿ ಹೋಗತಾನ? ಉಸಿರುಗಟ್ಟಿ ಸಾಯ್ತಾನ."

ಮಿಸ್ತ್ರಿಯತ್ತ ನೋಡಿದೆ. ಅವರು ಬೀಡಿ ಹಚ್ಚಿ, "ನಿಮ್ಮ ಮನಿ ಮಾತಿನಾಗ ನಾ ಯಾಕ ಬರಲಿ? ಮೋಟಕ್ಕ ನಡೀತೈತಿ, ಇದಕ್ಕೂ ನಡೀಬೇಕು" ಎಂದರು. ಒಂದಕ್ಕೆ ಎರಡು ವೋಟು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಕೊನೆಗೆ ಕಾಕಾ ಎಡಗಡೆಯ ಸೀಟು ಸಿಂಗರಿಸಿದ. ಸೀಟಿನ ಮೇಲೆ ಮಡಿಸಿದ ಕೌದಿ. ಕಾಲಿಡುವಲ್ಲಿ, ತಗಡು ಬಿಸಿಯಾಗಿ ಅವಳ ಕಾಲು ಸುಡಬಾರದೆಂದು, ದಪ್ಪನೆಯ ಗೋಣಿತಟ್ಟನ್ನು ಎರಡು ಪದರ ಮಾಡಿ ಅಂಚಿಗೆ ಮೊಳೆ ಹೊಡೆದು ಕೂರಿಸಿದ. ಅಲ್ಲಿ ಯಾರೂ ಕೂರಕೂಡದು. ಇಂಡಿಗೆ ಲಿಂಬೆಹಣ್ಣು ತರಲು ಹೋದರೂ, ಬಾಗೇವಾಡಿಗೆ ಕುಸುಬಿ ಹೇರಿಕೊಂಡು ಹೋದರೂ ನಾನು ಹಿಂದೆ ಚೀಲಗಳ ಮೇಲೆಯೇ. ಊರ ಗೌಡರು ಒಮ್ಮೆ ಹತ್ತಲು ಹೋದರೆ, "ಗೌಡ್ರ, ಆ ಜಾಗಾ ಹಿಡದೈತ್ರಿ" ಎಂದ. ಖಾಲಿ ಸೀಟನ್ನು ನೋಡಿ ಗೌಡರು, "ಯಾರೋ ಕುಂತಾರ? ದೆವ್ವ ಏನು?" ಎಂದರು. ಊರೆಲ್ಲ ನಕ್ಕಿತು. ಚಿಗವ್ವ ಕೇಳಿಸಿಕೊಂಡಳು, ನಗಲಿಲ್ಲ.

ಇನ್ನು ಸೋಮವಾರದ ಮಾತು. ಎತ್ತು ಮಾರಿದರೂ ಕಾಕಾನಿಗೆ ಸೋಮವಾರ ಮಾರಲು ಬರಲಿಲ್ಲ. ಆ ದಿನ ಗಾಡಿ ದುಡಿಯುವುದಿಲ್ಲ. ಬೆಳಿಗ್ಗೆ ಅದನ್ನು ಮೆಲ್ಲಗೆ ಹೊಳೆಗೆ ಇಳಿಸಿ, ಎತ್ತಿನ ಮೈ ತಿಕ್ಕುತ್ತಿದ್ದ ಅದೇ ಹುಲ್ಲಿನ ಸಿಂಬೆಯಿಂದ ಬಾನೆಟ್ಟು ತಿಕ್ಕುತ್ತಿದ್ದ. ಬಕೆಟ್ಟಿನಿಂದ ಒಳಗೂ ನೀರು ಚೆಲ್ಲುತ್ತಿದ್ದ. ಸುತ್ತ ಬೇರೆಯವರ ಎತ್ತುಗಳು, ನಡುವೆ ಈ ಗಾಡಿ. ಅದರ ಹಣೆಗೆ ವಿಭೂತಿ ಬೇರೆ.

ಡೋಣಿಯ ನೀರು ಉಪ್ಪು. ಇದು ಗುಟ್ಟಲ್ಲ, ಹೊಳೆ ಬತ್ತಿದಾಗ ದಂಡೆಯ ಮಣ್ಣು ಬೆಳ್ಳಗೆ ಅರಳುತ್ತದೆ. ಕುಡಿಯಲು, ಅಡಿಗೆಗೆ ನಮಗೆಲ್ಲ ಊರ ಮೇಲಿನ ಸಿಹಿ ಬಾವಿಯೇ.

"ಕಾಕಾ, ಉಪ್ಪುನೀರಾಗ ಕಬ್ಬಣ ತೊಳೀತಾರೇನು? ಜಂಗು ಹಿಡೀತೈತಿ."

"ನನ್ನ ಎತ್ತು ಇದ ನೀರಾಗ ಮೈ ತೊಳಕೊಂಡು ಬೆಳೆದ್ವು. ಒಂದಕ್ಕರೆ ಜಂಗು ಹಿಡೀತೇನು?"

"ಅವು ಎತ್ತು!"

"ಇದೂ ಎತ್ತ. ನಿನಗ ತಿಳಿಯಂಗಿಲ್ಲ. ತಳಕ್ಕ ಎಣ್ಣಿ ಕುಡಿಸೇನಿ, ಮ್ಯಾಲ ಬಣ್ಣ ಐತಿ. ಉಪ್ಪು ಎಲ್ಲಿಂದ ಹೋಗಬೇಕು, ಹೇಳು?"

ಹೇಳಿದೆ. ಸಂದಿನಿಂದ ಹೋಗುತ್ತದೆ ಎಂದೆ, ಮೊಳೆ ಹೊಡೆದ ತೂತಿನಿಂದ ಹೋಗುತ್ತದೆ ಎಂದೆ, ಹೋದದ್ದು ನಿನ್ನ ಎಣ್ಣೆಯ ದೆಸೆಯಿಂದ ಹೊರಗೆ ಬರುವುದಿಲ್ಲ ಎಂದೆ. ಸಿಹಿ ಬಾವಿಯ ನೀರಿನಿಂದ ತೊಳೆ ಎಂದೆ. ಕುಡಿಯುವ ನೀರನ್ನು ಗಾಡಿಗೆ ಸುರಿದರೆ ಊರವರು ಏನಂದಾರು ಎಂದು ಕೇಳಿದ. ರಜೆಗೆ ಬಂದಾಗಲೆಲ್ಲ ಇದೇ ವಾದ, ಇದೇ ಹೊಳೆ, ಇದೇ ಸಿಂಬೆ. ಆಮೇಲಾಮೇಲೆ ನಾನು ದಂಡೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದೆ. ಮೇಲಿನಿಂದ ನೋಡಿದರೆ ಗಾಡಿ ನಿಜಕ್ಕೂ ಮಿಂಚುತ್ತಿತ್ತು.

ಮಿಂಚುತ್ತಿದ್ದುದೇ ಕೊನೆಗೆ ಚಿಗವ್ವನನ್ನು ಒಲಿಸಿತೋ ಏನೋ. ಅವಳ ಅಣ್ಣನಿಗೆ ಕೂಸು ಹುಟ್ಟಿತ್ತು. ಮಂಗಳವಾರ ತೊಟ್ಟಿಲ ಕಾರ್ಯ, ಹಿಂದಿನ ದಿನವೇ ಬರಬೇಕೆಂದು ತವರಿನಿಂದ ಕರೆ ಬಂತು. ಅವಳು ದಪಾಟಿ ರೊಟ್ಟಿ ತಟ್ಟಿ ಗಂಟು ಕಟ್ಟಿದಳು. ಕಾಕಾ ನೋಡುತ್ತ ನಿಂತ.

"ಹ್ಯಾಂಗ ಹೋಗಾಕಿ?"

"ನಿಮ್ಮ ಎತ್ತಿನಾಗ."

ಅವನ ಮುಖ ನೋಡಬೇಕಿತ್ತು. ಮರುಕ್ಷಣವೇ ನೆನಪಾಯಿತು. "ಸೋಮವಾರ ಐತಲ್ಲ..."

"ಅದಕ್ಕೇನು ಸೋಮವಾರ? ಅದು ಖರೇನ ಎತ್ತೇನು?"

ಕಾಕಾ ಆ ದಿನ ನೇಮ ಮುರಿದ. ಬೆಳಿಗ್ಗೆ ಹೊಳೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದ, ಮಧ್ಯಾಹ್ನ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಸೇರಿದರು. ಚಿಗವ್ವ ಇಳಕಲ್ ಸೀರೆಯ ಸೆರಗು ಹೊದ್ದು, ಗಂಟನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಹಿಡಿಕೆ ಹಿಡಿದು ಬಲಗಾಲನ್ನು ಗೋಣಿತಟ್ಟಿನ ಮೇಲಿಟ್ಟಳು. ಮೈಭಾರ ಬಿಟ್ಟಳು.

ದೊಡ್ಡ ಸದ್ದೇನೂ ಆಗಲಿಲ್ಲ. ಒಣ ಹಪ್ಪಳ ಮುರಿದಂತೆ. ಅವಳ ಕಾಲು ಮೊಣಕಾಲಿನವರೆಗೆ ಕೆಳಗಿಳಿಯಿತು, ಗಾಡಿಯ ಕೆಳಗಿನ ಮಣ್ಣಿಗೆ ಬೆರಳು ತಾಗಿತು. ಕಾಕಾ ಓಡಿ ಬಂದ. ಅವಳು ಅವನ ಕೈ ಹಿಡಿಯಲಿಲ್ಲ. ಸೀಟಿಗೆ ಆತು ತಾನೇ ಕಾಲು ಎಳೆದುಕೊಂಡಳು. ಕಣಕಾಲಿನ ಮೇಲೆ ಕೆರೆದ ಗಾಯ, ರಕ್ತಕ್ಕಿಂತ ತುಕ್ಕೇ ಹೆಚ್ಚು.

"ಗಂಟು ಒಳಗ ತಾ ತಮ್ಮಾ" ಎಂದು ನನಗೆ ಹೇಳಿ ಒಳಗೆ ಹೋದಳು. ಅಷ್ಟೇ.

ಆ ಸಂಜೆ ನಾನು ಮೊಳೆ ಕಿತ್ತು ಗೋಣಿತಟ್ಟು ಎತ್ತಿದೆ. ಹಸಿಯಾಗಿತ್ತು. ಬೆಳಗಿನ ನೀರೊಂದೇ ಅಲ್ಲ, ಎಷ್ಟೋ ಸೋಮವಾರಗಳ ನೀರು ಕುಡಿದು ಪದರಪದರವಾಗಿ ಉಪ್ಪು ಕಟ್ಟಿಕೊಂಡಿತ್ತು. ಕೆಳಗಿನ ತಗಡು ಬೆರಳಲ್ಲಿ ಒತ್ತಿದರೆ ಎಲೆಎಲೆಯಾಗಿ ಬಿಡುತ್ತಿತ್ತು. ಕಾಕಾ ಕೂರುವ ಬಲಗಡೆ ತಟ್ಟು ಇರಲಿಲ್ಲ. ಅಲ್ಲಿ ತಗಡು ಗಟ್ಟಿಯಾಗಿಯೇ ಇತ್ತು. ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ? ಒಂದೇ ಗಾಡಿ, ಒಂದೇ ಸೋಮವಾರ, ಒಂದು ಮಗ್ಗುಲು ಉಳಿದಿದೆ, ಒಂದು ಹೋಗಿದೆ. ತಟ್ಟನ್ನು ಕಾಕಾನ ಎದುರು ಹಿಡಿದೆ.

ಅವನು ನೋಡಿದ.

"ಸೋಮವಾರ ಹೂಡಬಾರದಿತ್ತು" ಎಂದ.

"ಕಾಕಾ, ಉಪ್ಪು ನೋಡು!"

"ನೋಡಿದೆ. ಹೂಡಬಾರದಿತ್ತು."

ಊರ ಮಾತನ್ನು ಮೊದಲು ಆಡಿದವನು ಅವನೇ. ಕಟ್ಟೆಯ ಮೇಲಿದ್ದವರು ಎತ್ತಿಕೊಂಡು ಹೋದರು. ಮರುವಾರ ಅವನು ಹೊಳೆಗೆ ಹೋಗಲಿಲ್ಲ. ತಗಡು ತರಲು ಸಿಂದಗಿಗೂ ಹೋಗಲಿಲ್ಲ. ಮಿಸ್ತ್ರಿ ತಾವಾಗಿ ಬಂದು, "ಒಂದು ತುಕಡಾ ಪತ್ರಾ ಹಾಕಿದ್ರ ಆತು, ಏಳೋ" ಎಂದು ಬೈದರು. "ಪತ್ರಾ ಹಾಕಬಹುದು. ಅಕಿ ಹತ್ತತಾಳೇನು?" ಎಂದು ಕಾಕಾ ಕೇಳಿದ. ಮಿಸ್ತ್ರಿ ಚಹಾ ಕುಡಿದು ಹೋದರು. ಗಾಡಿ ಬೇವಿನ ಗಿಡದ ಕೆಳಗೆ ನಿಂತಿತು. ಈಗಲೂ ಅಲ್ಲೇ ಇದೆ. ತೂತಿನಿಂದ ಕೋಳಿಗಳು ಹತ್ತಿ ಇಳಿದು ಮಾಡುತ್ತವೆ.

ಕಳೆದ ಸಲ ಊರಿಗೆ ಹೋದಾಗ ಚಿಗವ್ವ ಹಿತ್ತಲಲ್ಲಿ ರೊಟ್ಟಿ ಹಂಚು ತಿಕ್ಕುತ್ತಿದ್ದಳು. ಕಬ್ಬಿಣದ ದೊಡ್ಡ ಹಂಚು, ಅದೂ ತವರಿನದೇ. ಕೈಗೆ ನೀರು ಹಾಕೋಣವೆಂದು ಪಕ್ಕದಲ್ಲಿದ್ದ ಕೊಡ ಎತ್ತಿ ಬಗ್ಗಿಸಿದೆ. ಅವಳು ಹಂಚನ್ನು ಕೂಸಿನ ಹಾಗೆ ಸರಕ್ಕನೆ ಎದೆಗೆಳೆದುಕೊಂಡಳು.

"ಅದು ಹೊಳಿ ನೀರೋ ಯಪ್ಪಾ! ಅಂಗಳಕ್ಕ ಚೆಲ್ಲಾಕ ತಂದಿದ್ದು. ಕಬ್ಬಣಕ್ಕ ಹಾಕಿದ್ರ ತಿಂದುಬಿಡತೈತಿ. ನಮ್ಮತ್ತಿ ಇದ್ದಾಗಿಂದ ಒಂದು ಹನಿ ಸೋಕಿಸಿಲ್ಲ ನಾ. ಬಾವಿ ನೀರು ಅಲ್ಲೈತಿ ನೋಡು."

ಕೊಡ ಕೆಳಗಿಟ್ಟೆ. ನನಗೆ ನೆನಪಾದದ್ದು ಸೋಮವಾರದ ಬೆಳಗುಗಳು. ಕಾಕಾ ಗಾಡಿಯನ್ನು ಹೊಳೆಗೆ ಹೊಡೆದುಕೊಂಡು ಹೋಗುವಾಗ ಅವಳು ಹೊಸ್ತಿಲ ಮೇಲೆ ನಿಂತಿರುತ್ತಿದ್ದಳು. ಗಾಡಿ ತಿರುವು ದಾಟುವವರೆಗೂ ನಿಂತಿರುತ್ತಿದ್ದಳು. ನಾನು ದಂಡೆಯ ಮೇಲೆ ಗಂಟಲು ಹರಿದುಕೊಂಡ ದಿನಗಳಲ್ಲೂ.

"ಚಿಗವ್ವಾ," ಎಂದೆ, "ಹಂಚಿಗ ಒಂದು ಹನಿ ಸೋಕಿಸಾಕಿ ಅಲ್ಲ ನೀ. ಮತ್ತ ವಾರಾ ವಾರಾ ಅಂವ ಗಾಡಿ ಒಯ್ದು ಅದ ನೀರಾಗ ನಿಲ್ಲಿಸೂದು ನೋಡಕೋತ ನಿಂತಿದ್ದಿಯಲ್ಲ, ಒಂದು ಮಾತು ಯಾಕ ಅನಲಿಲ್ಲ?"

ಅವಳು ಹಂಚನ್ನು ಸೆರಗಿನಿಂದ ಒರೆಸಿದಳು. ಎಣ್ಣೆಯ ಚಿಂದಿ ತೆಗೆದುಕೊಂಡು ಅಂಚಿನಿಂದ ಅಂಚಿಗೆ ಸವರತೊಡಗಿದಳು.