ಗೆರೆಯಿಲ್ಲದ ಹೆಬ್ಬೆರಳುಗಳ ಅರ್ಜಿ

ನಿಮ್ಮ ಹೆಬ್ಬೆರಳನ್ನು ನೀವು ಯಾವಾಗಲಾದರೂ ಸರಿಯಾಗಿ ನೋಡಿದ್ದುಂಟಾ? ಇಲ್ಲ ಅಲ್ಲ? ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡ್ತೀರಿ, ಪಾಪದ ಹೆಬ್ಬೆರಳಿಗೆ ಮಾತ್ರ ಒಂದು ಗಳಿಗೆ ಇಲ್ಲ. ಮೊನ್ನೆ ಮೊಮ್ಮಗಳು ಹೊಸ ಫೋನ್ ತಂದುಕೊಟ್ಟು, "ಅಜ್ಜೀ, ಇಲ್ಲಿ ಬೆರಳಿಡಿ, ಬೀಗ ತೆರೀತದೆ" ಅಂದಳು. ಇಟ್ಟೆ. ತೆರೀಲಿಲ್ಲ. ಸೆರಗಿನಲ್ಲಿ ಒರೆಸಿ ಇಟ್ಟೆ, ಊದಿ ಇಟ್ಟೆ, ದೇವರನ್ನು ನೆನೆದು ಇಟ್ಟೆ. ಏನು ಮಾಡಿದರೂ ಫೋನು ನನ್ನನ್ನು ಮನುಷ್ಯಳು ಅಂತ ಒಪ್ಪಲೇ ಇಲ್ಲ. ಕೊನೆಗೆ ನಾಲ್ಕು ಅಂಕಿಯ ಗುಟ್ಟು ಹಾಕಿಕೊಟ್ಟಳು. ಈಗ ಅದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಇದನ್ನು ಬರೀತಾ ಇದ್ದೇನೆ. ತಪ್ಪಿದ್ದರೆ ಬೆರಳಿಗೆ ಬಯ್ಯಿರಿ, ನನಗಲ್ಲ.

ಮೊಮ್ಮಗಳಿಗೆ ಬೇಜಾರಾಯಿತು, ನನಗೆ ನಗು ಬಂತು. ಯಾಕೆ ಅಂದರೆ ಇದೇ ಮಾತನ್ನು ಅರುವತ್ತು ವರ್ಷ ಮೊದಲೇ ಬೆಂಗಳೂರಿನ ಒಂದು ಕಚೇರಿ ನಮಗೆ ಕಾಗದದಲ್ಲಿ ಬರೆದು ತಿಳಿಸಿತ್ತು.

ಆಗ ನಾನು ಮಡಂತ್ಯಾರಿನಲ್ಲಿ ಬಾಲವಾಡಿ ಟೀಚರು. ಟೀಚರು ಅಂದರೆ ದೊಡ್ಡದೇನಲ್ಲ, ಎಂಟನೇ ಕ್ಲಾಸು ಪಾಸಾದ ಹತ್ತೊಂಬತ್ತರ ಹುಡುಗಿ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ ಅಂತ ಊರೆಲ್ಲ ಹೇಳುತ್ತಿತ್ತು, ಊರಿಗಿಂತ ಜಾಸ್ತಿ ನಾನೇ ಹೇಳುತ್ತಿದ್ದೆ. ನಮ್ಮ ಬಾಲವಾಡಿ ಒಂದು ಹಳೇ ಅಕ್ಕಿ ಗೋದಾಮಿನ ಜಗಲಿ. ಅಲ್ಲಿ ಇಪ್ಪತ್ತು ಮಕ್ಕಳು, ಮಾಡಿನ ಜಂತಿಗೆ ಕಟ್ಟಿದ ನಾಲ್ಕು ಸೀರೆ ತೊಟ್ಟಿಲು, ವಾರಕ್ಕೊಮ್ಮೆ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದು ಬಸುರಿಯರನ್ನೂ ಮಕ್ಕಳನ್ನೂ ನೋಡಿ ಹೋಗುವ ಒಬ್ಬ ದಾದಿ. ಮಕ್ಕಳ ತಾಯಂದಿರೆಲ್ಲ ಮನೆಯಲ್ಲಿ ಬೀಡಿ ಕಟ್ಟುವವರು. ಅನ್ನಕ್ಕೆ ಅಕ್ಕಿ ಹಾಕುವಾಗೆಲ್ಲ ಒಂದು ಮುಷ್ಟಿ ಬೇರೆ ತೆಗೆದಿಟ್ಟು, ವಾರದ ಕೊನೆಗೆ ಅದನ್ನು ತಂದು ಬಾಲವಾಡಿಯ ಮಡಕೆಗೆ ಸುರಿಯುತ್ತಿದ್ದರು. ಮಕ್ಕಳ ಮಧ್ಯಾಹ್ನದ ಗಂಜಿ ಅದೇ, ದಾದಿಯ ಬಸ್ಸಿನ ಖರ್ಚೂ ಅದರಲ್ಲಿ ಒಂದಿಷ್ಟು ಮಾರಿಯೇ.

ಪಕ್ಕದ ಮನೆಯ ಗಿರಿಜಕ್ಕನ ಮಗ ವಸಂತನಿಗೆ ಎರಡು ವರ್ಷ. ಗಿರಿಜಕ್ಕ ಮೊರದಂಥ ಗೆರಸೆ ತುಂಬ ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುವಾಗ ಅವ ತೊಡೆಯ ಮೇಲೆಯೇ ಮಲಗುತ್ತಿದ್ದ, ಆ ಧೂಳು ಕುಡಿದು ರಾತ್ರಿ ಹಗಲು ಕೆಮ್ಮುತ್ತಿದ್ದ. "ಮಗುವನ್ನು ಗೆರಸೆಯಿಂದ ದೂರ ಇಡಿ, ಇಲ್ಲದಿದ್ದರೆ ನಾನು ಏನು ಮದ್ದು ಕೊಟ್ಟರೂ ಅಷ್ಟೇ" ಅಂದಿದ್ದಳು ದಾದಿ. ಬಾಲವಾಡಿಗೆ ಬರಲಿಕ್ಕೆ ಶುರು ಮಾಡಿದ ಮೇಲೆ ಕೆಮ್ಮು ನಿಂತು, ಕೆನ್ನೆ ತುಂಬಿ, ಜಗಲಿ ತುಂಬ ಓಡಿ ನನ್ನ ಜೀವ ತಿನ್ನಲಿಕ್ಕೆ ಶುರು ಮಾಡಿದ. ಗಿರಿಜಕ್ಕನಿಗೆ ಆಗ ಮತ್ತೆ ಐದು ತಿಂಗಳು. ಆದರೆ ಆಟಿ ತಿಂಗಳು ಹತ್ತಿರ ಬರುತ್ತಿತ್ತು. ಆಟಿ ಅಂದರೆ ಗೊತ್ತಲ್ಲ, ಮಳೆಗಾಲದ ನಡುವೆ ಯಾರ ಮನೆಯಲ್ಲಿಯೂ ಅಕ್ಕಿ ಇಲ್ಲದ ಕಾಲ. ಸ್ವಂತ ಹೊಟ್ಟೆಗೇ ಇಲ್ಲದವರು ಮುಷ್ಟಿ ಅಕ್ಕಿ ಎಲ್ಲಿಂದ ತರುವುದು? ಸರ್ಕಾರದ ಅನುದಾನ ಸಿಕ್ಕದಿದ್ದರೆ ಬಾಗಿಲು ಹಾಕಬೇಕು, ವಸಂತ ವಾಪಸ್ ಗೆರಸೆಯ ಹತ್ತಿರಕ್ಕೆ.

ಹಾಗಾಗಿ ನಾನು ಬೆಂಗಳೂರಿನ ಆ ಕಚೇರಿಗೆ ಅರ್ಜಿ ಬರೆದೆ. ಗಂಜಿಗೆ ಅಕ್ಕಿ, ಕುಡಿಯಲಿಕ್ಕೆ ಹಾಲು, ನನ್ನ ಜೊತೆಗೊಬ್ಬಳು ಆಯಾ, ದಾದಿ ವಾರಕ್ಕೆ ಎರಡು ಸಲ. ನಮಗೆ ಮಾತ್ರ ಅಲ್ಲ, ಬೀಡಿ ಕಟ್ಟುವವರಿರುವ ಎಲ್ಲ ಊರಿಗೂ ಬೇಕು ಅಂತ ಸೇರಿಸಿದೆ; ಕೇಳುವಾಗ ಸಣ್ಣದು ಯಾಕೆ ಕೇಳುವುದು? ಕೆಳಗೆ ತಾಯಂದಿರೆಲ್ಲ ಹೆಬ್ಬೆಟ್ಟು ಒತ್ತಿದರು. ತಿಂಗಳಾದ ಮೇಲೆ ಅರ್ಜಿ ವಾಪಸ್ ಬಂತು: ಒತ್ತಿದ ಗುರುತುಗಳಲ್ಲಿ ಗೆರೆಗಳೇ ಇಲ್ಲ, ಎಲ್ಲವೂ ಒಂದೇ ತರಹ ಇವೆ, ಒಬ್ಬರೇ ಒತ್ತಿದ ಹಾಗೆ ಕಾಣುತ್ತದೆ, ಆದ್ದರಿಂದ ಪರಿಗಣಿಸಲಾಗದು.

ಎಲೆ ಸುರುಳಿ ಸುತ್ತಿ ಸುತ್ತಿ, ಬೀಡಿಯ ಬಾಯಿ ಒತ್ತಿ ಒತ್ತಿ ಮಡಚಿ, ಬೆರಳಿನ ಗೆರೆಗಳೆಲ್ಲ ನದಿಯ ಕಲ್ಲಿನ ಹಾಗೆ ಸವೆದುಹೋಗಿದ್ದವು. ನಾನೂ ಸಂಜೆ ಹೊತ್ತು ಬೀಡಿ ಕಟ್ಟುವವಳೇ, ಆದರೂ ನನಗಿದು ಹೊಳೆದಿರಲಿಲ್ಲ. ಬ್ರಹ್ಮ ಹಣೆಯಲ್ಲಿ ಬರೆದದ್ದನ್ನು ಅಳಿಸಲಿಕ್ಕೆ ಆಗುವುದಿಲ್ಲ ಅಂತಾರೆ. ಬೆರಳಲ್ಲಿ ಬರೆದದ್ದನ್ನು ನಾವು ಹೆಂಗಸರು ಮೂರೇ ವರ್ಷದಲ್ಲಿ ಅಳಿಸಿ ಹಾಕಿದ್ದೆವು. ನಾವು ಇದ್ದೇವೆ ಅನ್ನುವುದಕ್ಕೆ ಕಚೇರಿ ಕೇಳಿದ ಗುರುತನ್ನು ನಮ್ಮ ಕೆಲಸವೇ ತಿಂದಿತ್ತು.

ಅಷ್ಟರಲ್ಲಿ ಆ ಕಚೇರಿಯ ಸಾಹೇಬರೇ ಪ್ರವಾಸ ಬಂದು ಬೆಳ್ತಂಗಡಿಯ ಬಂಗ್ಲೆಯಲ್ಲಿ ಇಳಿದಿದ್ದಾರೆ ಅಂತ ದಾದಿ ಸುದ್ದಿ ತಂದಳು. "ಹೋಗುವ" ಅಂದಳು ಗಿರಿಜಕ್ಕ. ಹೊರಟೆವು: ಹನ್ನೊಂದು ಹೆಂಗಸರು, ಕಂಕುಳಲ್ಲೊಂದು ಕೈಯಲ್ಲೊಂದು ಮಕ್ಕಳು, ನಾನು ಹೊಸದಾಗಿ ಬರೆದ ಅರ್ಜಿ. ಬಸ್ಸಿನಲ್ಲಿ ಗಂಡಸರೆಲ್ಲ ತಾವಾಗಿಯೇ ಎದ್ದು ನಿಂತರು. ಮರ್ಯಾದೆಗೋ ಮಕ್ಕಳ ಗಲಾಟೆಗೋ ಗೊತ್ತಿಲ್ಲ.

ಸಾಹೇಬರು ಮೈಸೂರು ಕಡೆಯವರು, ಬಿಳಿ ಅಂಗಿ, ಬಿಳಿ ಪ್ಯಾಂಟು. ಅವರಿಗೆ ತುಳು ಬಾರದು, ನಮ್ಮವರಿಗೆ ಕನ್ನಡ ಅಷ್ಟಕ್ಕಷ್ಟೇ, ನಡುವೆ ನಾನು. ಹಳೇ ಅರ್ಜಿ ನೋಡಿ, "ಏನಮ್ಮಾ, ಇದೆಲ್ಲಾ ಒಬ್ರೇ ಒತ್ತಿರೋದಲ್ವಾ?" ಅಂದರು. ನಾನು ಅದನ್ನು ತುಳುವಿನಲ್ಲಿ ಹೇಳಿದ್ದೇ, ಗಿರಿಜಕ್ಕ ಮೇಜಿನ ಮೇಲಿದ್ದ ಮಸಿಯ ಡಬ್ಬಿಗೆ ಹೆಬ್ಬೆರಳು ಅದ್ದಿ ಖಾಲಿ ಕಾಗದಕ್ಕೆ ಒತ್ತಿದಳು. ಬರೇ ಕಪ್ಪು ಬೊಟ್ಟು. ಹಿಂದಿನಿಂದ ನಮ್ಮೊಳಗೆ ಬಾಯಿ ಜೋರಿನ ಆಯಿಸಮ್ಮ ಒತ್ತಿದಳು, ಕಪ್ಪು ಬೊಟ್ಟು. ಹನ್ನೊಂದು ಜನರದ್ದೂ ಹನ್ನೊಂದು ಬೊಟ್ಟು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಅವರದ್ದು ಒಂದು ಒತ್ತಲಿಕ್ಕೆ ಹೇಳು ಮಾರಾಯ್ತಿ, ನೋಡುವ" ಅಂದಳು ಆಯಿಸಮ್ಮ. ಪಾಪ, ಅವರೂ ಒತ್ತಿದರು. ಸುಳಿ ಸುಳಿಯಾಗಿ ರಂಗೋಲಿಯ ಹಾಗೆ ಮೂಡಿತು. ಹೆಂಗಸರೆಲ್ಲ ಬಗ್ಗಿ ನೋಡಿದರು. "ಕೆಲಸ ಮಾಡದ ಬೆರಳು ಎಷ್ಟು ಚಂದ ಉಂಟು!" ಅಂದಳು ಆಯಿಸಮ್ಮ ತುಳುವಿನಲ್ಲಿ.

"ಏನಂತೆ?" ಅಂದರು ಸಾಹೇಬರು.

"ನಿಮ್ಮ ಬೆರಳು ಬಹಳ ಚಂದ ಉಂಟಂತೆ ಸ್ವಾಮೀ" ಅಂದೆ. ಎಲ್ಲರೂ ನಕ್ಕ ರೀತಿಯಲ್ಲಿಯೇ ಉಳಿದರ್ಧ ಅವರಿಗೆ ಗೊತ್ತಾಯಿತು, ಅವರೂ ನಕ್ಕರು. ಆದರೂ ತಲೆ ಕೆರೆದುಕೊಂಡು, "ನಾನು ನಂಬ್ತೀನಮ್ಮಾ. ಆದ್ರೆ ಮೇಲಿನವರಿಗೆ ಏನಂತ ತೋರಿಸ್ಲಿ? ಯಾವುದಾದ್ರೂ ಗುರುತು ಬೇಕಲ್ಲಾ" ಅಂದರು.

ನಾನು ತುಳುವಿನಲ್ಲಿ ಹೇಳಿದೆ. ಗಿರಿಜಕ್ಕ ಕಂಕುಳಲ್ಲಿದ್ದ ವಸಂತನನ್ನು ನೋಡಿದಳು. ಮತ್ತೆ ಅವನ ಮುಷ್ಟಿ ಬಿಡಿಸಿ, ಆ ಪುಟ್ಟ ಹೆಬ್ಬೆರಳನ್ನು ಮಸಿಗೆ ತಾಗಿಸಿ, ನನ್ನ ಹೊಸ ಅರ್ಜಿಯ ಕೆಳಗೆ ಒತ್ತಿದಳು. ಒಂದು ಕಡಲೆಯಷ್ಟು ದೊಡ್ಡ ಗುರುತು, ಅದರೊಳಗೆ ಎಲ್ಲ ಗೆರೆಗಳೂ ಇದ್ದವು. "ಹಸಿವೆಯೂ ಇವನದ್ದು, ಕೆಮ್ಮೂ ಇವನದ್ದು. ಅರ್ಜಿಯೂ ಇವನೇ ಕೊಡಲಿ" ಅಂದಳು. ಇದನ್ನು ನಾನು ಕನ್ನಡಕ್ಕೆ ಹೇಳಬೇಕಾಗಲಿಲ್ಲ.

ಆಮೇಲೆ ಬಂಗ್ಲೆಯಲ್ಲಿ ನಡೆದದ್ದು ಹಬ್ಬ. ಎಲ್ಲ ಮಕ್ಕಳಿಗೂ ಒತ್ತಬೇಕು. ಒಬ್ಬ ಹೆಬ್ಬೆರಳು ಕೇಳಿದರೆ ಇಡೀ ಅಂಗೈ ಕೊಟ್ಟ, ಆಯಿಸಮ್ಮನ ಮಗಳು ಮಸಿ ಚೀಪಿದಳು, ವಸಂತ ಸಾಹೇಬರ ಬಿಳಿ ಪ್ಯಾಂಟಿಗೂ ಎರಡು ಅರ್ಜಿ ಕೊಟ್ಟ. ಅವರು ಕೋಪಿಸಿಕೊಳ್ಳಲಿಲ್ಲ, ಮೈತುಂಬ ಮಸಿ ಹತ್ತಿದ ನನ್ನ ಅರ್ಜಿಯನ್ನು ಹುಷಾರಾಗಿ ಆರಿಸಿ ಚೀಲದಲ್ಲಿಟ್ಟುಕೊಂಡರು.

ಆಟಿಗೆ ನಾಲ್ಕು ದಿನ ಇರುವಾಗ ಮಂಜೂರಾತಿಯ ಕಾಗದ ಬಂತು. ಅಕ್ಕಿ, ಹಾಲು, ಆಯಾ, ದಾದಿ ವಾರಕ್ಕೆ ಎರಡು ಸಲ. ಬೇರೆ ಊರುಗಳ ಮಾತು ಪರಿಶೀಲನೆಯಲ್ಲಿದೆ ಅಂತ ಬರೆದಿತ್ತು; ಅದಕ್ಕೆ ಮತ್ತೆಷ್ಟು ಅರ್ಜಿ ಬರೆದೆನೋ, ವೇಣೂರಿಗೂ ಮೂಡುಬಿದಿರೆಗೂ ಮಸಿಯ ಡಬ್ಬಿ ಹಿಡಿದುಕೊಂಡು ಎಷ್ಟು ಸಲ ಹೋದೆನೋ, ಲೆಕ್ಕ ಇಲ್ಲ. ಆದರೆ ಆ ದಿನದ ಖುಷಿ ಬೇರೆಯೇ. ನಾನು ಕಾಗದ ಹಿಡಿದುಕೊಂಡು ಓಡಿ, ಗಿರಿಜಕ್ಕನ ಅಂಗಳದಲ್ಲಿ ನಿಂತು ಜಂಬ ಕೊಚ್ಚಿದೆ: "ನೋಡಿದ್ರಾ ಗಿರಿಜಕ್ಕ, ನನ್ನ ಅಕ್ಷರ ನೋಡಿಯೇ ಸರ್ಕಾರ ಕರಗಿ ಹೋಯಿತು!"

ಗಿರಿಜಕ್ಕ ಗೆರಸೆಯಿಂದ ತಲೆ ಎತ್ತಲೂ ಇಲ್ಲ. "ನಿನ್ನ ಅಕ್ಷರವನ್ನು ಮೊದಲನೇ ಸಲವೇ ಓದಿದರಲ್ಲ, ಏನೂ ಕೊಡಲಿಲ್ಲ. ಈ ಸಲ ಮಕ್ಕಳು ಅದರ ಮೇಲೆಲ್ಲ ಮಸಿ ಬಳಿದು ಒಂದಕ್ಷರವೂ ಕಾಣದ ಹಾಗೆ ಮಾಡಿದರು ನೋಡು ಟೀಚರೇ, ತಕ್ಷಣ ಸಿಕ್ಕಿತು!"